ನನ್ನ ವಾಲ್ಯೂಮ್ ಅವನ ಕೈಯಲ್ಲಿ

ಎಲೆಕ್ಟ್ರಿಕ್ ಗಿಟಾರ್ ನುಡಿಸುವ ಇಬ್ಬರು ಒಂದೇ ವೇದಿಕೆ ಹತ್ತಿದರೆ, ಮೊದಲ ಹಾಡು ಮುಗಿಯುವಷ್ಟರಲ್ಲಿ ಇಬ್ಬರ ಕೈಯೂ ಒಂದೊಂದು ಸಲ ಕಳ್ಳನಂತೆ ಹಿಂದಕ್ಕೆ ಹೋಗಿ ಬರುತ್ತದೆ. ಬೆನ್ನು ಕೆರೆದುಕೊಳ್ಳಲು ಅಲ್ಲ, ಹಿಂದೆ ಕೂತಿರುವ ಆಂಪ್ಲಿಫೈಯರಿನ, ನಮ್ಮ ಮಾತಿನಲ್ಲಿ ಡಬ್ಬದ, ವಾಲ್ಯೂಮನ್ನು ಎಳ್ಳುಕಾಳಿನಷ್ಟು ಏರಿಸಲು. ಇವನು ಏರಿಸಿದ್ದು ಅವನಿಗೆ ಗೊತ್ತಾಗುತ್ತದೆ. ಅವನೂ ಏರಿಸುತ್ತಾನೆ. ಸ್ವಲ್ಪ ಹೊತ್ತಿಗೆ ಕೇಳಲು ಬಂದವರು ಊಟದ ಪಂಕ್ತಿಯ ಕಡೆ ಎದ್ದು ಹೋಗಿರುತ್ತಾರೆ, ಪಂಕ್ತಿ ಇನ್ನೂ ಶುರುವಾಗಿರದಿದ್ದರೂ.

ನಾನೇನು ಸಂಗೀತದ ಮನೆಯಲ್ಲಿ ಹುಟ್ಟಿದವನಲ್ಲ. ಹೊನ್ನಾಳಿಯಲ್ಲಿ ನನ್ನದು ಹಳೇ ಸಾಮಾನಿನ ಅಂಗಡಿ. ಫ್ರಿಜ್ಜು, ಮಂಚ, ಗ್ರೈಂಡರು ಕೊಂಡು, ಒರೆಸಿ, ಮಾರುವುದು. ಒಮ್ಮೆ ಒಬ್ಬರ ಮನೆಗೆ ಬೀರು ಕೊಳ್ಳಲು ಹೋದಾಗ ಅದರ ಮೇಲೆ ಧೂಳು ಹಿಡಿದು ಮಲಗಿದ್ದ ಗಿಟಾರನ್ನೂ ‘ಇದನ್ನ ಹಂಗೇ ಸೇರಿಸಿಕೊಡ್ರಿ’ ಎಂದು ಚೌಕಾಸಿ ಮಾಡಿ ತಂದೆ. ಯಾರೂ ಕೊಳ್ಳಲಿಲ್ಲ. ಹಾಕಿದ ಬಂಡವಾಳ ಬಿಡಬಾರದೆಂದು ಕಲಿತೆ. ಕಲಿಸಿದವನು ತಿಪ್ಪೇಶ. ಬಿಳಿಚೋಡಿನಲ್ಲಿ ಹುಟ್ಟಿ, ನ್ಯಾಮತಿಯ ಕಡೆ ಮದುವೆಯಾಗಿ ಅಲ್ಲೇ ನೆಲೆನಿಂತು, ಅಕ್ಕಿ ಗಿರಣಿಯಲ್ಲಿ ಮೆಷಿನ್ ನೋಡಿಕೊಳ್ಳುವ ಕೆಲಸ ಮಾಡುತ್ತಿದ್ದವನು. ರಜೆಯ ದಿನ ಇಬ್ಬರೂ ಸೇರಿ ಚನ್ನಗಿರಿ, ಜಗಳೂರು ಎಂದು ತಿರುಗುತ್ತಿದ್ದೆವು. ನಾಮಕರಣ, ಅಂಗಡಿ ಉದ್ಘಾಟನೆ, ಮೇಷ್ಟ್ರುಗಳ ಬೀಳ್ಕೊಡುಗೆ. ತಾಳಕ್ಕೆ ಮೊಬೈಲಿನಲ್ಲಿ ತುಂಬಿಸಿಟ್ಟ ಡ್ರಮ್ಮು, ರಾಗಕ್ಕೆ ನಾವಿಬ್ಬರು.

ನಾನು ಮೇಲೆ ಹೇಳಿದ ಯುದ್ಧವನ್ನು ನಾವೂ ಮಾಡಿದವರೇ. ಚನ್ನಗಿರಿಯ ಒಂದು ಸ್ವೀಟ್ ಅಂಗಡಿಯ ಉದ್ಘಾಟನೆಯಲ್ಲಿ ಅದು ಯಾವ ಮಟ್ಟಕ್ಕೆ ಹೋಯಿತೆಂದರೆ, ಪೂಜೆ ಮಾಡುತ್ತಿದ್ದ ಅಯ್ಯನವರು ಮಂತ್ರ ನಿಲ್ಲಿಸಿ ನಮ್ಮನ್ನೇ ನೋಡುತ್ತ ಕೂತುಬಿಟ್ಟರು. ಅಂಗಡಿಯವನು ಬಂದು ಕೈಮುಗಿದ. “ರೀ, ಒಬ್ರು ಬಾರಿಸ್ರಿ, ಇನ್ನೊಬ್ರು ಜಿಲೇಬಿ ತಿನ್ರಿ. ಬೇಕಂದ್ರೆ ಆಮೇಲೆ ಅದಲುಬದಲು ಮಾಡ್ಕಳ್ರಿ.”

ಅದಲುಬದಲು! ವಾಪಸು ಬರುವ ಬಸ್ಸಿನಲ್ಲಿ ಆ ಮಾತು ನನ್ನ ವ್ಯಾಪಾರದ ತಲೆಯಲ್ಲಿ ಕುದಿಯಿತು. ಅಣ್ಣತಮ್ಮಂದಿರ ನಡುವೆ ಪಾಲಾಗುವಾಗ ಹಿರಿಯರು ಏನು ಮಾಡುತ್ತಾರೆ? ಪಾಲು ಮಾಡುವವನು ಒಬ್ಬ, ಮೊದಲು ಎತ್ತಿಕೊಳ್ಳುವವನು ಇನ್ನೊಬ್ಬ. ಮೋಸಕ್ಕೆ ಜಾಗವೇ ಇಲ್ಲ. ನಾನು ತಿಪ್ಪೇಶನಿಗೆ ಹೇಳಿದೆ: “ನನ್ನ ಡಬ್ಬ ನಿನ್ನ ಬೆನ್ನ ಹಿಂದೆ ಇಡಾನ, ನಿನ್ನ ಡಬ್ಬ ನನ್ನ ಬೆನ್ನ ಹಿಂದೆ. ನನ್ನ ವಾಲ್ಯೂಮ್ ನೀನು ತಿರುವು, ನಿಂದು ನಾನು. ತನ್ನದನ್ನ ತಾನು ಮುಟ್ಟಂಗಿಲ್ಲ.”

“ನೀನು ನಂದು ಪೂರ್ತಿ ಇಳಿಸಿಬಿಟ್ರೆ?”

“ನಿನ್ನ ಕೈಯಾಗೆ ನಂದು ಐತಲ್ಲೋ ಮಾರಾಯ!”

ಅಂದಿನಿಂದ ನಮ್ಮಲ್ಲಿ ಅದೇ ಕಾಯ್ದೆ. ಚಿಕ್ಕ ಚಿಕ್ಕ ಕಾರ್ಯಕ್ರಮಗಳಿಗೆ ಜೋಡಿಯಾಗಿ ಹೋಗುವ ಗಿಟಾರಿನವರಿಗೆ ನಾನು ಕೊಡುವ ಮೊದಲ ಸಲಹೆಯೂ ಅದೇ. ನಾವು ಏನು ನುಡಿಸುತ್ತಿದ್ದೇವೆಂದು ನಮ್ಮ ಬೆರಳಿಗೇ ಗೊತ್ತಿರುತ್ತದೆ. ಕಿವಿ ಬೇಕಾಗಿರುವುದು ಇನ್ನೊಬ್ಬನಿಗೆ. ಕೇಳಿದವರಿಗೂ ಕೇಳದವರಿಗೂ ಉಳಿದದ್ದನ್ನೂ ಹೇಳಿಬಿಡುತ್ತೇನೆ. ಡಬ್ಬವನ್ನು ನೆಲಕ್ಕಿಡಬೇಡಿ, ಮಂಡಿಗೆ ಕಿವಿ ಇಲ್ಲ. ಶಾಮಿಯಾನದವರ ಕುರ್ಚಿಯ ಮೇಲಿಟ್ಟು ಸ್ವಲ್ಪ ಹಿಂದಕ್ಕೆ ವಾಲಿಸಿ. ಎರಡಕ್ಕೂ ಕರೆಂಟನ್ನು ಒಂದೇ ಬೋರ್ಡಿನಿಂದ ತೆಗೆದುಕೊಳ್ಳಿ, ಇಲ್ಲದಿದ್ದರೆ ಜುಂಯ್ ಎನ್ನುವ ಮೂರನೇ ಗಿಟಾರೊಂದು ಪುಕ್ಕಟೆಯಾಗಿ ಸೇರಿಕೊಳ್ಳಬಹುದು. ಇಬ್ಬರೂ ಒಂದೇ ಸ್ವಭಾವದ ದನಿ ಇಟ್ಟುಕೊಳ್ಳಬೇಡಿ. ಒಬ್ಬನದು ಸಾರಿನ ಹಾಗೆ ತೆಳ್ಳಗೆ ಹರಿಯಲಿ, ಇನ್ನೊಬ್ಬನದು ಮುದ್ದೆಯ ಹಾಗೆ ಕೂರಲಿ. ಎರಡೂ ಮುದ್ದೆಯಾದರೆ ಗಂಟಲಲ್ಲಿ ಇಳಿಯುವುದಿಲ್ಲ.

ಈ ಎದುರುಬದುರಿನ ಉಪಾಯವನ್ನು ನಾನೇ ಕಂಡುಹಿಡಿದೆನೆಂದು ಬಹಳ ದಿನ ಬೀಗಿದ್ದೆ. ಆಮೇಲೆ ಯಾವುದೋ ಮದುವೆಯಲ್ಲಿ ಸೋಬಾನೆ ಹೇಳುವ ಹೆಂಗಸರನ್ನು ನೋಡಿದೆ. ಇಬ್ಬರು ಹೇಳುತ್ತಾರೆ, ಎದುರಿಗೆ ಕೂತ ಇಬ್ಬರು ಅದೇ ಸಾಲನ್ನು ಎತ್ತಿಕೊಳ್ಳುತ್ತಾರೆ. ಯಾರೂ ಯಾರನ್ನೂ ಮೀರುವುದಿಲ್ಲ. ಮೀರಿದರೆ ಮುಂದಿನ ಸಾಲಿಗೆ ಉಸಿರು ಸಾಲುವುದಿಲ್ಲ. ನಮ್ಮಜ್ಜಿ ಹೇಳುತ್ತಿದ್ದಳು, ಒಂದು ಒರಳಿಗೆ ಎರಡು ಒನಕೆ ಹಾಕಿ ಭತ್ತ ಕುಟ್ಟುವಾಗ ಕಣ್ಣು ಬೇಕಿಲ್ಲ, ಎದುರಿನವಳ ಒನಕೆಯ ಸದ್ದು ಕೇಳಿದರೆ ಸಾಕು ಅಂತ. ಅವಳ ಒನಕೆ ಇಳಿದಾಗ ನನ್ನದು ಏಳಬೇಕು. ಒನಕೆ ಮೂಲೆ ಸೇರಿದವು, ಗಿರಣಿ ಬಂತು. ಗಿರಣಿಯಲ್ಲಿ ಎದುರಿನವರ ಸದ್ದು ಕೇಳುವ ಪ್ರಶ್ನೆಯೇ ಇಲ್ಲ. ಅಲ್ಲಿ ಮಾತೆಲ್ಲ ಕೈಸನ್ನೆ.

ಇದನ್ನು ನಾನು ಆಗಲೇ ಯೋಚಿಸಬೇಕಿತ್ತು.

ಎರಡು ವರ್ಷದ ಹಿಂದೆ ತಿಪ್ಪೇಶ ನನ್ನ ವಾಲ್ಯೂಮನ್ನು ಏರಿಸತೊಡಗಿದ. ಒಂದೊಂದು ಕಾರ್ಯಕ್ರಮಕ್ಕೆ ಒಂದೊಂದು ಕೂದಲೆಳೆಯಷ್ಟು. ನಮ್ಮ ಕಾಯ್ದೆಯ ಪ್ರಕಾರ ಇದರ ಅರ್ಥ ಒಂದೇ: ಗುರು ಶಿಷ್ಯನ ಕೈಚಳಕ ಮೆಚ್ಚಿದ್ದಾನೆ, ಇನ್ನಷ್ಟು ಕೇಳಬೇಕೆನ್ನುತ್ತಿದ್ದಾನೆ. ಹಳೇ ಫ್ರಿಜ್ಜಿನ ಹಿಂಬದಿಯನ್ನೂ ಮೂಸಿ ನೋಡಿ ಕೊಳ್ಳುವವನು ನಾನು. ಈ ಹೊಗಳಿಕೆಯನ್ನು ಮಾತ್ರ ಪರೀಕ್ಷೆ ಮಾಡದೆ ಮನೆಗೆ ತಂದೆ. ಹೆಂಡತಿಗೂ ಹೇಳಿದೆ. ಅವಳು “ಹೌದಾ?” ಎಂದು ಅನುಮಾನದಿಂದ ನೋಡಿದಳು.

ಬರಬರುತ್ತ ಅವನು ನನ್ನ ಟ್ರೆಬಲ್ಲನ್ನೂ, ಅಂದರೆ ದನಿಯ ಚೂಪನ್ನೂ, ಏರಿಸಿದ. “ನಿನ್ನ ಗಿಟಾರಿಗೆ ಅಂಚೇ ಇಲ್ಲ ಕಣೋ ಹಾಲೇಶ, ಮೊಂಡಾಗೈತೆ. ತಂತಿ ಬದಲಾಯಿಸು” ಅಂದ. ಬದಲಾಯಿಸಿದೆ. ಮುಂದಿನ ಸಲವೂ ಅದನ್ನೇ ಅಂದ. ಮತ್ತೆ ಬದಲಾಯಿಸಿದೆ.

ಸಂತೇಬೆನ್ನೂರಿನಲ್ಲಿ ಒಬ್ಬ ಟೀಚರಮ್ಮನ ನಿವೃತ್ತಿ ಸನ್ಮಾನ. ನಡುಮಧ್ಯಾಹ್ನ, ಶಾಲೆಯ ಅಂಗಳದ ಶಾಮಿಯಾನ. ನಾನು ತಂತಿ ಎಳೆದರೆ ಚಾಕುವಿನಿಂದ ತಗಡು ಕೆರೆದಂತೆ ಶಬ್ದ ಬಂತು. ಹಾರ ಹಾಕಿಕೊಂಡು ಕೂತಿದ್ದ ಟೀಚರಮ್ಮ ಎರಡೂ ಕಿವಿ ಮುಚ್ಚಿಕೊಂಡರು. ಸಹಿಸಿ ಸಹಿಸಿ ಕೊನೆಗೆ ಎದ್ದೇ ಬಂದರು. “ಮಕ್ಕಳ ಗಲಾಟೆ ಕೇಳಿ ಕೇಳಿ ಇವತ್ತು ಬಿಡುಗಡೆ ಆಗೈತೆ, ಇನ್ನೊಂದು ಸ್ವಲ್ಪ ಕಮ್ಮಿ ಮಾಡ್ರಪ್ಪ.” ನಾನು ಕಾಯ್ದೆ ಮುರಿದು, ತಿಪ್ಪೇಶನ ಹಿಂದೆ ಹೋಗಿ ನನ್ನ ವಾಲ್ಯೂಮನ್ನು ನಾನೇ ಇಳಿಸಿ, ನುಡಿಸುವುದನ್ನು ಮುಂದುವರಿಸಿದೆ. ಅವನು ತಟ್ಟನೆ ತಿರುಗಿದ. ಮುಖದಲ್ಲಿ ಸಿಟ್ಟಿರಲಿಲ್ಲ. ಜಾತ್ರೆಯಲ್ಲಿ ಜೊತೆಯವರು ತಪ್ಪಿಹೋದವನ ಗಾಬರಿ ಇತ್ತು.

“ಯಾಕೋ ನಿಲ್ಲಿಸಿದೆ?”

“ನಿಲ್ಲಿಸಿಲ್ಲ. ಇನ್ನೂ ಕೇಳಾಕತ್ತೈತಲ್ಲೋ!”

ಅವನು ನನ್ನ ಬೆರಳುಗಳನ್ನು ನೋಡಿದ. ಅವು ತಂತಿಯ ಮೇಲೆ ಓಡಾಡುತ್ತಲೇ ಇದ್ದವು.

ದಾವಣಗೆರೆಯ ಡಾಕ್ಟರು ಅವನ ಕಿವಿಗೆ ಏನೇನೋ ಕುಯ್ ಕುಯ್ ಶಬ್ದ ಹಾಕಿ ನೋಡಿದರು. ಅವನ ಹೆಂಡತಿ ಕರಿಬಸಮ್ಮ ನನ್ನ ಕಡೆ ಕೈ ತೋರಿಸಿ, “ಎಲ್ಲಾ ಈ ಹಾಲೇಶಣ್ಣನ ಡಬ್ಬದಿಂದ ಸಾರ್” ಅಂದಳು. ಡಾಕ್ಟರು ನನ್ನನ್ನು ಬಿಟ್ಟು, ಅವನ ಕೆಲಸವೇನೆಂದು ಕೇಳಿದರು. ಗಿರಣಿ ಎಂದೊಡನೆ ತಲೆಯಾಡಿಸಿದರು. ಕಿವಿಗೆ ಕಣ್ಣಿನ ಹಾಗೆ ರೆಪ್ಪೆ ಇಲ್ಲ ನೋಡ್ರಿ ಅಂದರು. ಸಣ್ಣಗಿನ ಚೂಪು ದನಿಗಳು ಮೊದಲು ಹೋಗುತ್ತವಂತೆ. ಹಕ್ಕಿ, ಗೆಜ್ಜೆ, ಗಿಟಾರಿನ ಅಂಚು. ಹೋದದ್ದು ತಿರುಗಿ ಬರುವುದಿಲ್ಲ. ಜೀವನದಲ್ಲಿ ಒಂದು ಬೆಲೆ ಕೇಳಿ ನಾನು ಚೌಕಾಸಿ ಮಾಡದೆ ಕೂತದ್ದು ಅದೇ ಮೊದಲು.

ಕಿವಿಗೆ ಮೆಷಿನ್ ಹಾಕಿಸಿದೆವು. ಮಾತು ಕೇಳಿಸಿತು. ಸಂಗೀತ ಮಾತ್ರ ಡಬರಿಯೊಳಗೆ ಕಲ್ಲು ಅಲ್ಲಾಡಿಸಿದಂತೆ ಕೇಳುತ್ತದೆಂದ. ಆದರೂ ಅವನಿಗೆ ಒಂದೇ ಆಸೆ. ಬಿಳಿಚೋಡಿನಲ್ಲಿ ಅವನ ತಂಗಿಯ ಮೊಮ್ಮಗಳ ನಾಮಕರಣ. ಅಲ್ಲಿ ನುಡಿಸಿ ನೋಡಬೇಕು, ಸರಿಹೋದರೆ ಮುಂದುವರಿಸುವುದು, ಇಲ್ಲದಿದ್ದರೆ ಇಲ್ಲ. ಮೆಷಿನ್ ತೆಗೆದು ಜೇಬಿಗಿಟ್ಟುಕೊಂಡು, ನನ್ನ ಬೆರಳ ಮೇಲೆ ಕಣ್ಣಿಟ್ಟು ನುಡಿಸಿದ. ಎರಡು ಹಾಡು ಚಿನ್ನದ ಹಾಗೆ ಹೋದವು. ನನಗೆ ಧೈರ್ಯ ಬಂತು. ಮೂರನೆಯದರ ಕೊನೆಗೆ ಯಾರೋ ಮಗುವನ್ನು ಎತ್ತಿ ನಮ್ಮ ಮುಂದೆ ತಂದರು. ಅವನ ಕಣ್ಣು ಮಗುವಿನ ಮೇಲೆ ಹೋಯಿತು. ಡ್ರಮ್ಮು ನಿಂತಿತು, ನಾನು ನಿಂತೆ. ಅವನೊಬ್ಬನೇ ನುಡಿಸುತ್ತಲೇ ಇದ್ದ, ಮಗುವಿಗೆ ನಗುತ್ತ. ಅವನ ಡಬ್ಬದ ಕಿವಿ, ಅದೇ ವಾಲ್ಯೂಮು, ನನ್ನ ಕೈಯಲ್ಲೇ ಇತ್ತು. ಮೆಲ್ಲಗೆ ಇಳಿಸಿಬಿಡಬಹುದಿತ್ತು. ಇಳಿಸಲಾಗಲಿಲ್ಲ. ಅಷ್ಟು ಚೆನ್ನಾಗಿ ನುಡಿಸುತ್ತಿದ್ದ.

ಜನರ ಮುಖ ನೋಡಿ ಅವನೇ ತಿಳಿದುಕೊಂಡ. ತಂತಿಯ ಮೇಲೆ ಅಂಗೈ ಇಟ್ಟ.

“ಸಾಕು ಮಾರಾಯ. ಊಟಕ್ಕೆ ಹೋಗಾನ.”

ಮರುವಾರ ತನ್ನ ಡಬ್ಬವನ್ನು ನನ್ನ ಅಂಗಡಿಗೆ ತಂದಿಟ್ಟು ಮಾರಿಬಿಡೆಂದ. ಗಿರಾಕಿಗಳು ಬರುತ್ತಾರೆ. ನಾನು ಹೇಳುವ ಬೆಲೆ ಕೇಳಿ, “ಯಜಮಾನ್ರೇ, ಈ ದುಡ್ಡಿಗೆ ಹೊಸಾದೇ ಬರ್ತೈತಲ್ರೀ” ಎನ್ನುತ್ತಾರೆ. ಹಾಗಾದರೆ ಹೊಸದನ್ನೇ ತಗೊಳ್ರಿ ಎನ್ನುತ್ತೇನೆ. ವ್ಯಾಪಾರಸ್ಥರಿಗೆ ನನ್ನದೊಂದು ಸಲಹೆ. ಮಾರಲು ಮನಸ್ಸಿಲ್ಲದ ವಸ್ತುವನ್ನು ಇಲ್ಲವೆಂದು ಹೇಳಬೇಡಿ, ಬೆಲೆ ಹೇಳಿ.

ಈಗ ಒಬ್ಬನೇ ಕಾರ್ಯಕ್ರಮಕ್ಕೆ ಹೋದರೆ ನನ್ನ ಡಬ್ಬ ನನ್ನ ಹಿಂದೆಯೇ ಇರುತ್ತದೆ. ಕೈ ಹಿಂದಕ್ಕೆ ಹೋಗುತ್ತದೆ, ಅಲ್ಲೇ ನಿಲ್ಲುತ್ತದೆ. ನಾನು ಎಷ್ಟಿರಬೇಕೆಂಬುದನ್ನು ನಾನೇ ತೀರ್ಮಾನ ಮಾಡುವುದು ಇಷ್ಟು ಕಷ್ಟವೆಂದು ಗೊತ್ತಿರಲಿಲ್ಲ.

ಭಾನುವಾರ ತಿಪ್ಪೇಶ ಅಂಗಡಿಗೆ ಬರುತ್ತಾನೆ. “ಹೋಯ್ತೇನೋ ಡಬ್ಬ?” “ಎಲ್ಲಿ, ಬರೇ ದಂಡಪಿಂಡ ಗಿರಾಕಿಗಳು.” ಬೀರುಗಳ ನಡುವೆ ಸ್ಟೂಲಿನ ಮೇಲೆ ಕೂತು, ಹಿಂದೆ ನನ್ನ ಡಬ್ಬ ಇಟ್ಟುಕೊಳ್ಳುತ್ತಾನೆ. ನಾನು ನುಡಿಸುತ್ತೇನೆ. ಅವನು ಕೈ ಹಿಂದೆ ಮಾಡಿ ವಾಲ್ಯೂಮನ್ನು ತಿರುವುತ್ತಾನೆ, ಮೊದಲಿನ ಕಾಲದಲ್ಲಿ ಅದು ಎಲ್ಲಿರುತ್ತಿತ್ತೋ ಅಲ್ಲಿಗೆ ತಂದು ನಿಲ್ಲಿಸುತ್ತಾನೆ, ತಲೆಯಾಡಿಸಿ “ಸರಿ ಐತೆ” ಎನ್ನುತ್ತಾನೆ. ಕೇಳಿ ಹೇಳಿದನೋ, ನೆನೆದು ಹೇಳಿದನೋ, ನಾನು ವಿಚಾರಿಸುವುದಿಲ್ಲ. ಚೌಕಾಸಿಯಲ್ಲಿ ಎದುರಿನವನು ಆಯ್ತು ಅಂದ ಮೇಲೆ ಮತ್ತೆ ಬಾಯಿ ತೆರೆಯಬಾರದು.