ನಾಲ್ಕು ಮೊಳದ ಫೋಟೋ

ಅಪ್ಪನ ಜಪಾನ್ ಕ್ಯಾಮೆರಾ ಈಗ ನನ್ನ ಹತ್ತಿರ ಇದೆ. ರೀಲು ಹಾಕುವಂಥದ್ದು, ಕೈಗೆ ಒಳ್ಳೇ ತೂಕ. ಕಿಂಡಿಯೊಳಗೆ ನೋಡಿದರೆ ನಡುವೆ ಒಂದು ಹಳದಿ ಚೌಕ. ಅದರಲ್ಲಿ ಎದುರಿಗಿರುವವರು ಇಬ್ಬಿಬ್ಬರಾಗಿ ಕಾಣುತ್ತಾರೆ. ಲೆನ್ಸಿನ ಬಳೆ ತಿರುಗಿಸಿ, ಎರಡು ನೆರಳೂ ಒಂದಾದ ಮೇಲೆ ಗುಂಡಿ ಒತ್ತಬೇಕು. ಅಪ್ಪ ನಂಜನಗೂಡಿನ ನಮ್ಮ ಬೀದಿಯವರನ್ನೆಲ್ಲ ಹೀಗೇ ಹಿಡಿದಿದ್ದರು. ಅಮ್ಮ ಮತ್ತು ಅವಳ ಅಕ್ಕ ಒಟ್ಟಿಗೆ ಕೂತ ಫೋಟೋ ಮಾತ್ರ ಒಂದೂ ಇಲ್ಲ. ಒಬ್ಬಳು ಕೂತರೆ ಇನ್ನೊಬ್ಬಳು ಒಲೆ ಮುಂದೆ.

"ಈ ಸಲ ತೆಗೆದೇ ತೆಗೀಬೇಕು ಕಣೇ," ಅಂದಳು ಅಮ್ಮ. ಆಯುಧಪೂಜೆ ಕಳೆದು ವಾರಕ್ಕೇ ಬಸ್ಸು ಹತ್ತಿ ತಿ. ನರಸೀಪುರಕ್ಕೆ ಹೋದೆವು. ಅಲ್ಲಿ ದೊಡ್ಡಮ್ಮನದು ಹೂವಿನಂಗಡಿ. ಮಧ್ಯಾಹ್ನ ಗಿರಾಕಿ ಕಡಮೆ. ಅಂಗಡಿ ಮುಂದಿನ ಬೆಂಚಿನ ಮೇಲೆ ಅಮ್ಮನನ್ನು ಕೂರಿಸಿದೆ. ರೀಲಿನಲ್ಲಿ ಉಳಿದದ್ದು ಒಂದೇ ಒಂದು. ಮಿಕ್ಕಿದ್ದನ್ನೆಲ್ಲ ಹಬ್ಬಕ್ಕೆ ಮುಂಚೆಯೇ ಬೆಕ್ಕು, ಎಮ್ಮೆ, ತಾಂಡವಪುರದ ಗದ್ದೆ ಅಂತ ಸುರಿದಿದ್ದೆ.

ಕಣ್ಣಿಟ್ಟು ನೋಡಿದರೆ ಹಳದಿ ಚೌಕವೇ ಇಲ್ಲ! ಬಳೆ ಎಷ್ಟು ತಿರುಗಿಸಿದರೂ ಅಮ್ಮ ಒಬ್ಬಳೇ. ಕೆಟ್ಟುಹೋಯಿತು ಅಂದುಕೊಂಡೆ.

"ದೊಡ್ಡಮ್ಮ, ಮೊಬೈಲಲ್ಲಿ ತೆಗೆದುಬಿಡ್ತೀನಿ."

"ಮೊಬೈಲ್‌ನಾಗೆ ನೂರು ತೆಗ್ದಿದೀಯ. ಒಂದಾದ್ರೂ ನಮ್ಮ ಗೋಡೆ ಅತ್ತಿತಾ? ಅದುಕ್ಕೇನಾಗಿದೆ?"

"ದೂರ ಗೊತ್ತಾಗ್ತಿಲ್ಲ. ಆರಡಿ ಅಂತ ಗೊತ್ತಾದರೆ ಬಳೆ ಮೇಲೆ ಆರಕ್ಕೆ ಇಟ್ಟು ತೆಗೀಬಹುದು."

"ಅಷ್ಟೇಯಾ? ಮೊಳಕ್ಕೆ ಒಂದೂವರೆ ಅಡಿ. ನಾಲ್ಕು ಮೊಳ!" ಬುಟ್ಟಿಯಿಂದ ಮಲ್ಲಿಗೆ ದಂಡೆ ಎಳೆದು, ತುದಿಯನ್ನು ನನ್ನ ಕೈಗೆ ಕೊಟ್ಟು ಕ್ಯಾಮೆರಾಗೆ ಹಿಡಿಸಿದಳು. ಮೊಳಕೈ ಚಾಚಿ ಅಳೆಯುತ್ತಾ ಬೆಂಚಿನ ಕಡೆ ನಡೆದಳು.

ಅಮ್ಮ ಸುಮ್ಮನಿರಬೇಕಲ್ಲ. "ಇದು ಗಿರಾಕಿಗೆ ಅಳೆಯೋ ಮೊಳವೋ, ಮನೆಯವ್ರಿಗೆ ಅಳೆಯೋ ಮೊಳವೋ?"

"ಬಾಯ್ಮುಚ್ಕೊಂಡು ಕೂತ್ಕೊ! ನನ್ ಮೊಳ ಎಲ್ರಿಗೂ ಒಂದೇ."

"ಹಾಗಾದ್ರೆ ಕೊಸರು ಹಾಕ್ಬೇಡ, ಫೋಟೋ ಕೆಟ್ಟೋಯ್ತದೆ."

ನಾಲ್ಕನೆಯ ಮೊಳ ಅಮ್ಮನ ಮೂಗಿಗೆ ಒಂದು ಗೇಣು ಸಾಲದೆ ನಿಂತಿತು. ನಾನು ಗೇಣು ಮುಂದೆ ಬಂದು ಬಳೆಯನ್ನು ಆರಕ್ಕೆ ಇಟ್ಟೆ. ದೊಡ್ಡಮ್ಮ ದಂಡೆಯನ್ನು ಮಡಿಲಿಗೆ ಸುರುವಿಕೊಂಡು ತಂಗಿಯ ಪಕ್ಕ ಧೊಪ್ಪನೆ ಕೂತಳು. ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಒತ್ತಿಬಿಟ್ಟೆ.

ವಾಪಸು ಬಸ್ಸಿನಲ್ಲಿ ಕ್ಯಾಮೆರಾ ಒರೆಸುವಾಗ ಕಂಡಿತು: ಮುಂಭಾಗದ ಪುಟ್ಟ ಗಾಜಿನ ಮೇಲೆ ಒಣಗಿದ ಗಂಧ, ಅದರ ಮೇಲೆ ಕುಂಕುಮ. ಎರಡನೇ ನೆರಳು ಒಳಗೆ ಬರುವ ಕಿಟಕಿಯೇ ಅದು.

"ಆಯುಧಪೂಜೆ ದಿನ ಇಟ್ಟೆ," ಅಂದಳು ಅಮ್ಮ. "ದೊಡ್ಡ ಕಣ್ಣಿಗೆ ಇಡಬಾರದು ಅಂತ ನಿಮ್ಮಪ್ಪ ಹೇಳಿದ್ರು. ಅದಕ್ಕೇ ಪಕ್ಕದ ಚಿಕ್ಕದಕ್ಕೆ ಇಟ್ಟೆ."

ಸೆರಗಿನ ತುದಿ ಒದ್ದೆ ಮಾಡಿ ಒರೆಸಿದೆ. ಹಳದಿ ಚೌಕ ಬಂತು, ಅಮ್ಮ ಮತ್ತೆ ಇಬ್ಬರಾದಳು. ರೀಲು ಮಾತ್ರ ಖಾಲಿ.

ಮೈಸೂರಿನಲ್ಲಿ ರೀಲು ತೊಳೆಸಿ ಪ್ರಿಂಟು ಹಾಕಿಸಿದೆ. ಬಂತು ನೋಡಿ! ದೊಡ್ಡಮ್ಮನ ಮೂಗುಬೊಟ್ಟು, ಅಮ್ಮನ ಬೊಚ್ಚುಬಾಯಿ, ಮಡಿಲ ಮಲ್ಲಿಗೆಯ ಒಂದೊಂದು ಮೊಗ್ಗೂ ಎಣಿಸುವ ಹಾಗೆ.

ದೊಡ್ಡಮ್ಮ ಕಟ್ಟು ಹಾಕಿಸಿದಳು. ಆದರೆ ಅದು ಮನೆಯ ಗೋಡೆ ಏರಲಿಲ್ಲ, ಅಂಗಡಿಯಲ್ಲಿ ತಕ್ಕಡಿಯ ಪಕ್ಕ ತೂಗುತ್ತಿದೆ. ಮೊಳ ಗಿಡ್ಡ ಅಂತ ಯಾರಾದರೂ ತಕರಾರು ತೆಗೆದರೆ ಅತ್ತ ಬೆರಳು ತೋರಿಸುತ್ತಾಳೆ: "ನನ್ ಮೊಳ ಗಿಡ್ಡ ಆಗಿದ್ರೆ ಅದು ಅಂಗ್ ಬತ್ತಿತ್ತಾ?"