ಸೋಮವಾರಕ್ಕೆ ಸರಿದ ರವಿವಾರ

ರವಿವಾರ ಬೆಳಿಗ್ಗೆ ನನ್ನ ಅವ್ವ ಹಿತ್ತಾಳೆಯ ತಂಬಿಗೆಯಲ್ಲಿ ಕೆಂಡ ತುಂಬಿ, ಅದರ ಬಿಸಿ ತಳದಿಂದ ತನ್ನ ಬಿಳಿ ಸೀರೆಯ ಸುಕ್ಕುಗಳನ್ನು ಒಂದೊಂದಾಗಿ ತೀಡುತ್ತಿದ್ದಳು. ಇಸ್ತ್ರಿಪೆಟ್ಟಿಗೆ ಕೊಳ್ಳುವಷ್ಟು ಸಿರಿವಂತಿಕೆ ನಮಗಿರಲಿಲ್ಲ. ಸುಕ್ಕಿನ ಸೀರೆಯುಟ್ಟು ದೇವರ ಮುಂದೆ ನಿಲ್ಲುವಷ್ಟು ಸಲಿಗೆ ಅವಳಿಗಿರಲಿಲ್ಲ. ಇಚಲಕರಂಜಿಯ ನಮ್ಮ ಕ್ರೈಸ್ತ ದೇವಾಲಯವೆಂದರೆ ಹಂಚು ಹೊದಿಸಿದ ಒಂದೇ ಕೋಣೆ, ನೆಲಕ್ಕೆ ಗೋಣಿತಟ್ಟಿನ ಹಾಸು, ಹದಿನೈದಿಪ್ಪತ್ತು ಮನೆಗಳ ಜನ. ಮರಾಠಿಯಲ್ಲಿ ಹಾಡಿ ಕನ್ನಡದಲ್ಲಿ ಪ್ರಾರ್ಥಿಸುತ್ತಿದ್ದೆವು. ದೇವರಿಗೆ ಎರಡೂ ತಿಳಿಯುತ್ತವೆಂಬುದರಲ್ಲಿ ಯಾರಿಗೂ ಸಂದೇಹವಿರಲಿಲ್ಲ.

ಯುದ್ಧದ ವರ್ಷಗಳವು. ಬಟ್ಟೆಗೆ ಬೇಡಿಕೆ ಏರಿ, ಊರಿನ ವಿದ್ಯುತ್ ಮಗ್ಗಗಳು ವಾರದ ಏಳು ದಿನವೂ ದಡಬಡಿಸುತ್ತಿದ್ದವು. ಅಪ್ಪ ನೇಯುತ್ತಿದ್ದ ಕಾರಖಾನೆಯ ಸಾವಕಾರರು ಕೆಟ್ಟವರಲ್ಲ. ಕ್ರೈಸ್ತರಾದ ನಾಲ್ವರು ನೇಕಾರರಿಗೆ ಮಾತ್ರ ರವಿವಾರ ಮಧ್ಯಾಹ್ನದವರೆಗೆ ಬಿಡುವು ಕೊಟ್ಟಿದ್ದರು. ಅದನ್ನು ದೇವರ ಕೃಪೆಯೆಂದೇ ಬಗೆದು ನಾವು ನೆಮ್ಮದಿಯಿಂದ ಹಾಡಿಕೊಂಡಿದ್ದೆವು. ಆ ಹೊತ್ತಿನಲ್ಲಿ ಅಪ್ಪನ ಮಗ್ಗಗಳನ್ನು ಯಾರು ನೋಡಿಕೊಳ್ಳುತ್ತಾರೆಂದು, ಓದುಗ ಮಿತ್ರರೇ, ನಾನಂತೂ ಒಂದು ದಿನವೂ ಕೇಳಿರಲಿಲ್ಲ.

ನೋಡಿಕೊಳ್ಳುತ್ತಿದ್ದವನು ಮಲ್ಲಪ್ಪ ಕಾಕಾ, ಅಪ್ಪನ ಪಕ್ಕದಲ್ಲಿ ನಿಲ್ಲುವ ನೇಕಾರ. ತನ್ನ ಎರಡು ಮಗ್ಗಗಳ ಜೊತೆಗೆ ಅಪ್ಪನ ಎರಡನ್ನೂ ಓಡಿಸುತ್ತಿದ್ದ. ಒಂದು ರವಿವಾರ ಹಾಗೆ ನಾಲ್ಕರ ನಡುವೆ ಓಡಾಡುವಾಗ ಅಪ್ಪನ ಮಗ್ಗದಲ್ಲಿ ಅತ್ತಿಂದಿತ್ತ ಓಡುವ ಲಾಳಿ ಸಿಡಿದು ಅವನ ಬಲಗಣ್ಣಿಗೆ ಬಡಿಯಿತು. ನಾವು ಪ್ರಾರ್ಥನೆ ಮುಗಿಸಿ ಹೊರಬರುವಾಗ ಅವನನ್ನು ಮೋಟಾರಿನಲ್ಲಿ ಮಲಗಿಸಿ ಕೊಲ್ಹಾಪುರದ ದವಾಖಾನೆಗೆ ಒಯ್ಯುತ್ತಿದ್ದರು. ಅಪ್ಪ ಉಟ್ಟ ಬಟ್ಟೆಯಲ್ಲೇ ಹತ್ತಿಕೊಂಡು ಹೋದ. ಎರಡು ದಿನದ ಮೇಲೆ ಮರಳಿ, “ಕಣ್ಣ ಉಳಿತೈತೋ ಇಲ್ಲೋ, ಪಟ್ಟಿ ಬಿಚ್ಚಿದ ಮ್ಯಾಲ ಗೊತ್ತಾಕ್ಕೈತಂತ” ಎಂದು ಹೇಳಿ ಗೋಡೆಗೊರಗಿ ಕುಳಿತುಬಿಟ್ಟ.

ಮುಂದಿನ ರವಿವಾರ ಅಪ್ಪ ದೇವಾಲಯಕ್ಕೆ ಬರಲಿಲ್ಲ, ಕೆಲಸಕ್ಕೆ ಹೋದ. ಸಂಜೆ ನಮ್ಮ ಸಭಾಪಾಲಕರು, ಎಲ್ಲರ ಬಾಯಲ್ಲಿ ಪಾಳಕಸಾಹೇಬರು, ಮನೆಗೆ ಬಂದರು.

“ಯಾಕ ಬರಲಿಲ್ಲಪಾ ಯೋಹಾನಪ್ಪಾ?”

“ನಾ ದೇವರ ಮುಂದ ಕುಂತಾಗ ನನ್ನ ಹೊರಿ ಮಲ್ಲಪ್ಪನ ಹೆಗಲ ಮ್ಯಾಲ ಇತ್ತರಿ. ಎಲ್ಲಾರಿಗೂ ಸೂಟಿ ಸಿಗೂತನಕಾ ನನಗ ಅದು ಬ್ಯಾಡ್ರಿ.”

ಪಾಳಕಸಾಹೇಬರು ಎದ್ದು ನಿಂತರು. “ಇದನ್ನ ನಾ ನಿಮಗ ಹೇಳಬೇಕಾಗಿತ್ತು. ನೀನ ನನಗ ಹೇಳಿದಿ. ನಡಿ, ಸಾವಕಾರ್ರ ಕಡೆ ಹೋಗೂನು.”

“ಕೆಲಸಾ ಹೋದ್ರ ಏನ್ ಉಣ್ಣೂದ್ರಿ?” ಎಂದಳು ಅವ್ವ.

“ನಮ್ಮನ್ಯಾಗ ಇದ್ದದ್ದ ಹಂಚಿಕೊಂಡ ಉಣ್ಣೂನು ತಂಗಿ.” ಅವರ ಮನೆಯಲ್ಲಿ ಎಷ್ಟಿತ್ತೆಂಬುದು ಅವ್ವನಿಗೆ ಗೊತ್ತಿತ್ತು, ಅವಳಿಗೇನೂ ಧೈರ್ಯ ಬರಲಿಲ್ಲ.

ಸಾವಕಾರರ ಪಡಸಾಲೆಯಲ್ಲಿ ನಡೆದದ್ದನ್ನು ಅಪ್ಪ ಮುಂದೆ ಎಷ್ಟೋ ಸಲ ಹೇಳಿದ್ದರಿಂದ ನನಗದು ಬಾಯಿಪಾಠ.

“ನಿಮಗ ಸೂಟಿ ಕೊಟ್ಟೇನಲಾ, ಮತ್ತೇನ್ರಿ?”

“ಅದನ್ನ ಬಿಡಾಕ ಬಂದೇವ್ರಿ,” ಎಂದರು ಪಾಳಕಸಾಹೇಬರು. “ಕೊಟ್ರ ಎಲ್ಲಾರಿಗೂ ಕೊಡ್ರಿ.”

“ಇಂಥಾ ಕಾಲದಾಗ ಮಗ್ಗಾ ನಿಂದ್ರಸಂತೀರಿ?”

ಆಗ ಅಪ್ಪ ಬಾಯಿಬಿಟ್ಟ. “ಸಾವಕಾರ್ರ, ಸೋಮವಾರ ಬಸವಣ್ಣನ ದಿನಾ ಅಂತ ನೀವು ಎತ್ತಿನ ಹೆಗಲಿಗೆ ನೊಗಾ ಇಡೂದಿಲ್ಲ. ನಾವು ನಿಮ್ಮ ಎತ್ತಿಗಿಂತಾ ಕಡಿಮಿ ಏನ್ರಿ?”

ಸಾವಕಾರರು ಎದ್ದು ಒಳಗೆ ಹೋದರು. ಜೊತೆಗೆ ಬಂದಿದ್ದ ಉಳಿದ ಮೂವರು ಕ್ರೈಸ್ತ ನೇಕಾರರಲ್ಲಿ ಇಬ್ಬರು ಮರಳುವ ದಾರಿಯುದ್ದಕ್ಕೂ, ಇದ್ದದ್ದನ್ನೂ ಕಳೆದೆಯೆಂದು ಅಪ್ಪನನ್ನು ಬೈದರಂತೆ. ಆ ವಾರವೆಲ್ಲ ಅವ್ವ, ಕೆಲಸ ಹೋಗಿ ಗಂಡ ಹೊತ್ತಿಗೆ ಮೊದಲೇ ತಿರುಗಿ ಬರುವನೇನೋ ಎಂದು ಓಣಿಯ ತಿರುವನ್ನೇ ನೋಡುತ್ತಿದ್ದಳು. ನೋಡುತ್ತಲೇ ರೊಟ್ಟಿ ಬಡಿಯುತ್ತಿದ್ದಳು, ಏಕೆಂದರೆ ಸಭೆಯ ಹೆಂಗಸರು ಪಾಳಿ ಹಚ್ಚಿಕೊಂಡು ಮಲ್ಲಪ್ಪ ಕಾಕಾನ ಮನೆಗೆ ಊಟ ಮುಟ್ಟಿಸುತ್ತಿದ್ದರು. ಅವನ ತಾಯಿ ಮೊದಲ ದಿನ ನಮ್ಮ ರೊಟ್ಟಿಯನ್ನು ಮುಟ್ಟಲಿಲ್ಲ. ಮೂರನೆಯ ದಿನ ಬುಟ್ಟಿಯನ್ನು ತೊಳೆದು, ಒಂದು ಹಿಡಿ ಶೇಂಗಾ ಹಾಕಿ ಮರಳಿಸಿದಳು. ಐದನೆಯ ದಿನ ಕೊಲ್ಹಾಪುರದಿಂದ ಸುದ್ದಿ ಬಂತು: ಪಟ್ಟಿ ಬಿಚ್ಚಿದ್ದರು, ಕಣ್ಣು ಉಳಿದಿತ್ತು. ಅಪ್ಪ ಅಂದು ಎರಡು ರೊಟ್ಟಿ ಹೆಚ್ಚಿಗೆ ಉಂಡ.

ರವಿವಾರ ಬಿಡುವು ಬಿಟ್ಟ ನಾಲ್ವರೂ ಮಗ್ಗದ ಮುಂದಿದ್ದರು; ನಮ್ಮ ಕೋಣೆಯಲ್ಲಿ ಹೆಚ್ಚಾಗಿ ಹೆಂಗಸರೂ ಮುದುಕರೂ ಹಾಡಿದರು. ಅದೇ ಸಂಜೆ ಸಾವಕಾರರು ತಾವೇ ಕಾರಖಾನೆಗೆ ಬಂದು, “ನಾಳಿ ಸೋಮವಾರ. ಮಗ್ಗಾ ಚಾಲೂ ಮಾಡಬ್ಯಾಡ್ರಿ. ಇನ್ನ ಮ್ಯಾಲ ಹಿಂಗ, ಎಲ್ಲಾರಿಗೂ” ಎಂದಷ್ಟೇ ಹೇಳಿ ಹೊರಟುಹೋದರು.

ಹೀಗೆ ನಮ್ಮ ರವಿವಾರ ಸೋಮವಾರಕ್ಕೆ ಸರಿಯಿತು. ಅದು ಶಿವನ ದಿನವಲ್ಲವೇ ಎಂದು ಹಿರಿಯರೊಬ್ಬರು ತಕರಾರು ತೆಗೆದಾಗ ಪಾಳಕಸಾಹೇಬರು ನಕ್ಕು, “ಮಲ್ಲಪ್ಪಗೂ ಸೂಟಿ ಇರೂ ದಿನಾ ಅದು, ನಮಗ ಅಷ್ಟ ಸಾಕು” ಎಂದರು. ಆರಾಧನೆ, ಸೇವೆ, ನ್ಯಾಯ ಎಂದು ಒಂದೊಂದನ್ನು ಒಂದೊಂದು ಗೂಟಕ್ಕೆ ಕಟ್ಟಿಹಾಕುವ ದೊಡ್ಡ ಮಾತುಗಳನ್ನು ನಾನು ಆಮೇಲೆ ಬಹಳ ಕೇಳಿದ್ದೇನೆ. ಅವು ಮೂರೂ ನಮ್ಮ ಆ ಕೋಣೆಯೊಳಗೆ ಒಂದೇ ತಟ್ಟಿನ ಮೇಲೆ ಕುಳಿತಿದ್ದನ್ನು ಕಂಡವಳಿಗೆ ಅವನ್ನು ಬಿಡಿಸಿ ನೋಡುವುದು ಇನ್ನೂ ಬಂದಿಲ್ಲ.

ಆ ಮೊದಲ ಸೋಮವಾರ ಕಾರಖಾನೆಯ ಸದ್ದು ನಿಂತು ಓಣಿ ಎಷ್ಟು ನಿಶ್ಶಬ್ದವಾಗಿತ್ತೆಂದರೆ ಗುಬ್ಬಿಗಳ ಸದ್ದೇ ದೊಡ್ಡದೆನಿಸಿತು. ಉಪದೇಶ ಅರ್ಧಕ್ಕೆ ಬರುವಷ್ಟರಲ್ಲಿ ಅಪ್ಪ ಕುಳಿತಲ್ಲೇ ಗಾಢ ನಿದ್ದೆ ಹೋಗಿದ್ದ. ನಾಚಿಕೊಂಡ ಅವ್ವ ಅವನನ್ನು ತಿವಿಯಲು ಕೈ ಚಾಚಿದಳು. ಪಾಳಕಸಾಹೇಬರು ಬೇಡವೆಂದು ತಲೆಯಾಡಿಸಿ ತಮ್ಮ ದನಿಯನ್ನು ತಗ್ಗಿಸಿದರು. ಕೊನೆಯ ಹಾಡನ್ನು ನಾವೆಲ್ಲರೂ, ಅವನಿಗೆ ಎಚ್ಚರವಾಗದಂತೆ, ಮೆಲ್ಲಗೆ ಹಾಡಿದೆವು.