ವಾಷಿಂಗ್ ಮೆಷಿನ್ ಪಕ್ಕದ ಮೇಜು

ಅವಳಿಗೆ ಅಜ್ಜಿ ಇಟ್ಟ ಅಡ್ಡಹೆಸರು ಮೆಣಸಿನಕಾಯಿ. ಕಲಾಶಾಲೆಗೂ ಅದು ಹೇಗೋ ಬೆನ್ನು ಹತ್ತಿ ಬಂದಿತ್ತು. ಅನ್ಯಾಯ ಕಂಡರೆ ಬಾಯಿ ಮುಚ್ಚಿಕೊಂಡಿರುವುದು ಅವಳ ಜಾಯಮಾನದಲ್ಲೇ ಇರಲಿಲ್ಲ.

ಕೊನೆಯ ವರ್ಷದವರನ್ನು ಮೇಷ್ಟ್ರು ಕಲಾವಿದರ ಸ್ಟುಡಿಯೋಗಳಿಗೆ ಕರೆದೊಯ್ಯುತ್ತಿದ್ದರು. ಕುರ್ಚಿ ವಿನ್ಯಾಸ ಮಾಡುವವರ ಶೆಡ್ಡಿನಲ್ಲಿ ಮರದ ಹೊಟ್ಟಿಗೆ ಸೀನಿ ಸೀನಿ ಬಂದ ಮರುವಾರ ಎಲ್ಲರೂ ಹೆಸರಾಂತ ಚಿತ್ರಕಾರನೊಬ್ಬನ ಮನೆಗೆ ಹೋದರು.

ಮನೆಯ ಅರ್ಧ ಭಾಗವೇ ಅವನ ಸ್ಟುಡಿಯೋ. ಎತ್ತರದ ಕಿಟಕಿಗಳು, ಗೋಡೆಗೊರಗಿದ ಆಳೆತ್ತರದ ಕ್ಯಾನ್ವಾಸುಗಳು. ಏಕಾಂತವಿಲ್ಲದೆ ಕಲೆಯೇ ಇಲ್ಲ ಎಂದು ಅವನು ಕೊರೆಯುತ್ತಲೇ ಇದ್ದ. ಕರೆಗಂಟೆ ಸದ್ದಾಯಿತು, ಹೆಂಡತಿ ಓಡಿ ಬಾಗಿಲು ತೆರೆದಳು. ಫೋನು ಬಡಿದುಕೊಂಡಿತು, ಆಕೆಯೇ ಎತ್ತಿದಳು. ಚಹಾ ತಂದವಳೂ ಆಕೆಯೇ. ಆಕೆ ಯಾರೆಂದು ಅವನು ಹೇಳಲೂ ಇಲ್ಲ, ಮೇಷ್ಟ್ರು ಕೇಳಲೂ ಇಲ್ಲ.

ಕೈತೊಳೆಯಲು ಹಿತ್ತಲ ಕಡೆ ಹೋದ ಮೆಣಸಿನಕಾಯಿ ಅಲ್ಲೇ ನಿಂತುಬಿಟ್ಟಳು. ವಾಷಿಂಗ್ ಮೆಷಿನ್ನಿಗೂ ಬಾಗಿಲಿಗೂ ನಡುವೆ ಒಂದು ಪುಟ್ಟ ಮೇಜು. ಮೇಲೆ ಹಗ್ಗದಲ್ಲಿ ಚಿತ್ರಕಾರನ ಅಂಗಿಗಳು. ಮೇಜಿನ ಮೇಲೆ, ಕೊಡೆ ಹಿಡಿದ ನರಿಯ ಚಿತ್ರ. ಆ ನರಿಯನ್ನು ಅವಳು ಬಲ್ಲಳು! ಚಿಕ್ಕಂದಿನಲ್ಲಿ ಹಾಳೆ ಹರಿಯುವ ತನಕ ಓದಿದ ಪುಸ್ತಕದ ನರಿ ಅದು.

ಅಂಗಿಯ ತೋಳಿನಿಂದ ನೀರು ತೊಟ್ಟಿಕ್ಕಿ ನರಿಯ ಬಾಲ ಕದಡಿತು. ಹಿಂದಿನಿಂದ ಬಂದ ಚಿತ್ರಕಾರನ ಹೆಂಡತಿ ಅದನ್ನು ಬಟ್ಟೆಚೂರಿನಿಂದ ಒತ್ತುತ್ತಾ, “ದಿನಾ ಇದ್ದಿದ್ದೇ ಬಿಡಮ್ಮಾ,” ಎಂದಳು.

ಮೆಣಸಿನಕಾಯಿಯ ನೆತ್ತಿಗೆ ಬೆಂಕಿಯಿಟ್ಟಂತಾಯಿತು. ನೇರ ಸ್ಟುಡಿಯೋಗೆ ನುಗ್ಗಿದಳು.

“ಸರ್, ಈ ಮನೇಲಿ ಕಲಾವಿದರು ಎಷ್ಟು ಜನ?”

ಅವನು ನಕ್ಕ. “ನಾನೊಬ್ಬನೇ. ನಮ್ಮವಳು ಮಕ್ಕಳ ಪುಸ್ತಕಕ್ಕೆ ಏನೋ ಗೀಚ್ತಾಳೆ.”

“ಆ ಗೀಚಿದ್ದನ್ನ ನೋಡೇ ನಾನು ಪೆನ್ಸಿಲ್ ಹಿಡಿದಿದ್ದು. ನಿಮ್ಮ ಕ್ಯಾನ್ವಾಸ್ ನೋಡಿ ಅಲ್ಲ. ಬನ್ರೋ, ನಿಜವಾದ ಸ್ಟುಡಿಯೋ ಹಿಂದಿದೆ!”

ಹುಡುಗರೆಲ್ಲ ಎದ್ದು ಹಿಂದೆ ಬಂದರು. ಮೇಷ್ಟ್ರ ಮುಖ ಬಿಳುಚಿತು. ಆದರೆ ಆಕೆಗೇನೂ ಖುಷಿಯಾಗಲಿಲ್ಲ. “ನೀವು ಕೂಗಾಡಿ ಹೋಗ್ತೀರಿ. ಸಂಜೆ ಮಾತು ಕೇಳೋಳು ನಾನು,” ಎಂದು ಮೇಜಿನ ಮೇಲೆ ಬಟ್ಟೆ ಮುಚ್ಚಿದಳು. ಮೆಣಸಿನಕಾಯಿಗೆ ಕಪಾಳಕ್ಕೆ ಬಿದ್ದಂತಾಯಿತು.

“ಕ್ಷಮೆ ಕೇಳು,” ಎಂದರು ಮೇಷ್ಟ್ರು.

“ಆಕೆ ಹತ್ರ ಕೇಳ್ತೀನಿ. ಅವರ ಹತ್ರ ಕೇಳಲ್ಲ.”

ಉಳಿದ ಭೇಟಿಗಳಿಗೆ ಅವಳನ್ನು ಸೇರಿಸಲಿಲ್ಲ. ಅವಳೂ ಜಗ್ಗಲಿಲ್ಲ, ತಾನೇ ಬಾಗಿಲು ತಟ್ಟಿ ಬೇರೆ ಸ್ಟುಡಿಯೋಗಳನ್ನು ನೋಡಿಬಂದಳು.

ಓದು ಮುಗಿದ ಮೇಲೆ ಗೆಳತಿಯೊಂದಿಗೆ ಸ್ಟುಡಿಯೋಗೆಂದು ಟೈರ್ ಅಂಗಡಿಯ ಮೇಲಿನ ಕೋಣೆ ಹಿಡಿದಳು. ಒಂದು ದಿನ ಪುಸ್ತಕ ಅಚ್ಚು ಹಾಕುವ ಪ್ರೆಸ್ಸಿನಲ್ಲಿ ಚಿತ್ರಕಾರನ ಹೆಂಡತಿ ಎದುರಾದಳು.

“ಅವತ್ತು ನಿನ್ನ ಮೇಲೆ ಸಿಕ್ಕಾಪಟ್ಟೆ ಕೋಪ ಬಂದಿತ್ತು ಕಣೆ. ಆಮೇಲೆ ಆ ಮೇಜಲ್ಲಿ ಕೂರೋಕೇ ಆಗ್ಲಿಲ್ಲ. ನಿಮ್ಮ ಕೋಣೇಲಿ ಇನ್ನೊಂದು ಮೇಜು ಹಿಡಿಸುತ್ತಾ?”

ಹಿಡಿಸಿತು. ಆಕೆ ಬೆಳಿಗ್ಗೆ ಬಂದು ಸಂಜೆಯ ತನಕ ತಲೆಯೆತ್ತದೆ ಚಿತ್ರ ಬರೆಯತೊಡಗಿದಳು.

ಕೆಲ ತಿಂಗಳ ನಂತರ ಪ್ರದರ್ಶನವೊಂದರಲ್ಲಿ ಚಿತ್ರಕಾರ ಯಾರಿಗೋ ಹೇಳುವುದು ಮೆಣಸಿನಕಾಯಿಯ ಕಿವಿಗೆ ಬಿತ್ತು: “ನನ್ನ ಹೆಂಡತಿಗೂ ಒಂದು ಸ್ಟುಡಿಯೋ ಮಾಡಿಕೊಟ್ಟಿದ್ದೀನಿ.” ಮೈಯೆಲ್ಲ ಉರಿದು, ಕೋಣೆಗೆ ಓಡಿಬಂದು ಆಕೆಗೆ ವರದಿ ಒಪ್ಪಿಸಿದಳು.

ಆಕೆ ಹಾಳೆಯಿಂದ ಕುಂಚ ಎತ್ತಲಿಲ್ಲ. “ಹೇಳ್ಕೊಳ್ಳಲಿ ಬಿಡು. ಆ ಕಿಟಕಿ ಮುಚ್ಚು, ರಬ್ಬರ್ ವಾಸನೆ.”

ಮೆಣಸಿನಕಾಯಿ ಕಿಟಕಿ ಬಡಿದ ರಭಸಕ್ಕೆ ಕೆಳಗಿನ ಅಂಗಡಿಯವನು ತಲೆಯೆತ್ತಿ ನೋಡಿದ.